ಸಣ್ಣ ವಿಮಾನದಲ್ಲಿ ಮನೆಮಂದಿ: ಯಾವ ತಿಂಗಳು ಹೊರಡೋಣ?

“ನಿಮ್ಮ ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ” ಎಂದು ಹೊರಗಿನಿಂದ ಬಂದವರು ನಗುತ್ತಾರೆ. ನಾವೂ ನಗುತ್ತೇವೆ. ಆದರೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸಣ್ಣ ವಿಮಾನ ಹತ್ತುವ ಪ್ರಸಂಗ ಬಂದರೆ ಈ ಸೀಮೆಗೂ ನಾಲ್ಕಾರು ಕಾಲಗಳುಂಟು, ಒಂದೊಂದಕ್ಕೂ ಒಂದೊಂದು ಗುಣವುಂಟು ಎಂಬುದು ಗೊತ್ತಾಗುತ್ತದೆ. ನನಗೆ ಅದು ಗೊತ್ತಾದದ್ದು ಅತ್ತೆಯವರ ಹಟದಿಂದ ಮತ್ತು ಮಾವನವರ ಒಂದು ಆಸೆಯಿಂದ.

ನನ್ನ ತವರು ಕುರುಗೋಡು, ಕೊಟ್ಟ ಮನೆ ಸಿರುಗುಪ್ಪ, ಸಂಸಾರ ಹೂಡಿದ್ದು ಬಳ್ಳಾರಿಯಲ್ಲಿ. ಮೈದುನ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಮೊದಲೆಲ್ಲ ಅವನ ಮನೆಗೆ ಹೋಗಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಇಳಿಯಬೇಕಿತ್ತು. ೨೦೧೭ರಲ್ಲಿ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆ ಬಂತು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ ೨,೫೦೦ ರೂಪಾಯಿಯ ಸುಮಾರಿನಲ್ಲೇ ಇರಬೇಕು ಎಂದು ಆಗ ಕಟ್ಟು ಮಾಡಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೋರಣಗಲ್ಲಿನ ಹತ್ತಿರದ ವಿದ್ಯಾನಗರ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನ ಹಾರತೊಡಗಿತು. ಬಳ್ಳಾರಿಯಿಂದ ನಿಲ್ದಾಣಕ್ಕೆ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಮ್ಮಂಥವರೂ ಆಕಾಶ ನೋಡಬಹುದು ಎನ್ನುವ ಧೈರ್ಯ ಆಗ ಬಂತು.

ಮೇ ತಿಂಗಳಿನ ಪಾಠ

೨೦೧೮ರ ಮೇ ತಿಂಗಳು. ಮೈದುನನ ಮಗುವಿಗೆ ತೊಟ್ಟಿಲು ಶಾಸ್ತ್ರ. ಮಕ್ಕಳಿಗೂ ರಜೆ. ಅತ್ತೆಯವರನ್ನು ಒಪ್ಪಿಸಿ ವಿಮಾನದಲ್ಲಿ ಕರೆದುಕೊಂಡು ಹೋದೆವು. ಹೋಗುವಾಗ ಹೇಗೋ ನಡೆಯಿತು. ಬರುವಾಗ ಮಧ್ಯಾಹ್ನದ ಸುಡುಬಿಸಿಲು. ಹೊರಡುವ ಮುಂಚೆ ಮೈದುನನ ಮನೆಯಲ್ಲಿ ಹೋಳಿಗೆ, ಮೇಲೆ ತುಪ್ಪ, ಜೊತೆಗೆ ಮಿರ್ಚಿ. ವಿಮಾನ ಮೇಲೆದ್ದದ್ದೇ ತಡ, ಎತ್ತಿನ ಬಂಡಿ ಕಲ್ಲು ಹತ್ತಿ ಇಳಿದ ಹಾಗೆ ಎತ್ತುವುದು, ಕುಕ್ಕುವುದು ಶುರುವಾಯಿತು. ಅತ್ತೆಯವರು ಕಣ್ಣು ಮುಚ್ಚಿ ದೊಡ್ಡ ಬಸವಣ್ಣನನ್ನು ನೆನೆದರು. ಕೊನೆಗೆ ತಿಂದದ್ದೆಲ್ಲ ಕಾಗದದ ಚೀಲಕ್ಕೆ ಬಂತು. ನೆಲಕ್ಕೆ ಕಾಲಿಟ್ಟ ಕೂಡಲೇ ಅವರಾಡಿದ ಮಾತು: “ಯವ್ವಾ, ಸತ್ತು ಹೋದ್ರೂ ಇನ್ನ ಇದ್ರಾಗ ಕೂಡಂಗಿಲ್ಲ ನಾ.”

ತಪ್ಪು ವಿಮಾನದ್ದಲ್ಲ, ತಪ್ಪು ನಮ್ಮದು. ನಾವು ಆರಿಸಿದ ತಿಂಗಳೂ ಸರಿಯಿರಲಿಲ್ಲ, ವೇಳೆಯೂ ಸರಿಯಿರಲಿಲ್ಲ, ಊಟವೂ ಸರಿಯಿರಲಿಲ್ಲ.

ಅನ್ನದ ಎಸರು ಕುದಿಯುವುದನ್ನು ನಾವು ದಿನಾ ನೋಡುತ್ತೇವಲ್ಲ? ತಳ ಕಾದಂತೆ ಗುಳ್ಳೆಗಳು ಕೆಳಗಿನಿಂದ ಎದ್ದು ಮೇಲೆ ಬರುತ್ತವೆ. ಬೇಸಿಗೆಯ ಮಧ್ಯಾಹ್ನ ನಮ್ಮ ನೆಲವೂ ಹೀಗೆಯೇ ಗಾಳಿಯನ್ನು ಕುದಿಸುತ್ತದೆ. ಎರೆಭೂಮಿ ಕಪ್ಪಗಿರುವುದರಿಂದ ಬೇಗ ಕಾಯುತ್ತದೆ, ಬಂಡೆಗಲ್ಲಿನ ಗುಡ್ಡ ಇನ್ನೂ ಹೆಚ್ಚು ಕಾಯುತ್ತದೆ, ಪಕ್ಕದಲ್ಲೇ ಕಾಲುವೆ ನೀರು ಕುಡಿದ ಗದ್ದೆ ತಂಪಾಗಿರುತ್ತದೆ. ಒಂದು ಕಡೆ ಗಾಳಿ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಅದರ ನಡುವೆ ಹಾಯುವ ವಿಮಾನ ಕುಲುಕುತ್ತದೆ. ದೊಡ್ಡ ಜೆಟ್ ವಿಮಾನಗಳು ೩೫ ಸಾವಿರ ಅಡಿಯ ಆಸುಪಾಸಿನಲ್ಲಿ ಈ ಗದ್ದಲದ ಮೇಲೆ ಹಾರುತ್ತವೆ. ನಮ್ಮ ಕಡೆ ಬಂದದ್ದು ೭೦ ಸೀಟಿನ ಆಸುಪಾಸಿನ, ರೆಕ್ಕೆಗೆ ಫ್ಯಾನಿದ್ದ ಎಟಿಆರ್ ವಿಮಾನ. ಅದು ಹಾರುವುದೇ ಹೆಚ್ಚೆಂದರೆ ೨೫ ಸಾವಿರ ಅಡಿ. ಹತ್ತಿರದ ಊರಿಗಾದರೆ ಇನ್ನೂ ಕೆಳಗೆ. ಹಾಗಾಗಿ ಕುಲುಕಾಟ ಅದಕ್ಕೆ ಹೆಚ್ಚು ತಗಲುತ್ತದೆ.

ಇದರಿಂದ ವಿಮಾನ ಬೀಳುವುದಿಲ್ಲ, ಹೆದರಬೇಡಿ. ಇಂಥ ಕುಲುಕಾಟವನ್ನು ತಡೆಯುವಂತೆಯೇ ಅದನ್ನು ಕಟ್ಟಿರುತ್ತಾರೆ. ಸೊಂಟದ ಪಟ್ಟಿ ಬಿಗಿದುಕೊಂಡು ಕೂತರೆ ಸಾಕು. ಆದರೆ ಹೊಟ್ಟೆ ಇದನ್ನೆಲ್ಲ ಕೇಳುವುದಿಲ್ಲವಲ್ಲ!

ಇನ್ನೊಂದು ಸಂಗತಿ. ಕಾದ ಗಾಳಿ ತೆಳ್ಳಗಿರುತ್ತದೆ. ತೆಳ್ಳನೆಯ ಗಾಳಿಯಲ್ಲಿ ರೆಕ್ಕೆಗೆ ಆಧಾರ ಕಡಿಮೆ, ಎಂಜಿನ್ನಿಗೂ ಬಲ ಕಡಿಮೆ. ಆದ್ದರಿಂದ ಮೇಲೇಳಲು ಹೆಚ್ಚು ದೂರ ಓಡಬೇಕು. ತೀರ ಬಿಸಿಲಿರುವ ಹೊತ್ತಿನಲ್ಲಿ ಭಾರವನ್ನು ಲೆಕ್ಕ ಹಾಕಿ ಕಡಿಮೆ ಮಾಡಬೇಕಾಗುವುದೂ ಉಂಟು. ಬೇಸಿಗೆಯಲ್ಲಿ ಸಾಮಾನು ಹಗುರವಾಗಿದ್ದಷ್ಟೂ ಒಳ್ಳೆಯದು.

ಮಾವನವರ ಆಸೆ

ಮೇ ತಿಂಗಳಲ್ಲಿ ಮಾವನವರು ಬಂದಿರಲಿಲ್ಲ. ಎಮ್ಮೆ ಯಾರು ನೋಡಬೇಕು ಎಂದು ಮನೆಯಲ್ಲೇ ಉಳಿದಿದ್ದರು. ಆ ಮಳೆಗಾಲದಲ್ಲಿ ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ತಂಬಿಗೆ ಎಡವುವುದು ಹೆಚ್ಚಾಯಿತು. ವಯಸ್ಸಾಯಿತು ಎಂದುಕೊಂಡೆವು. ಬಳ್ಳಾರಿಯ ಕಣ್ಣಿನ ಡಾಕ್ಟರು ನೋಡಿ, ಇದು ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ ಎಂದರು. ಇದರಲ್ಲಿ ಪಕ್ಕದ ನೋಟ ಮೊದಲು ಹೋಗುತ್ತದೆ. ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದ್ದು ಮಾತ್ರ ಉಳಿಯುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಔಷಧದ ಹನಿ ಹಾಕಿದರೆ ಇದ್ದದ್ದನ್ನು ಕಾಪಾಡಿಕೊಳ್ಳಬಹುದು. ಹೈದರಾಬಾದಿನ ದೊಡ್ಡ ಡಾಕ್ಟರಿಗೂ ಒಮ್ಮೆ ತೋರಿಸಿ ಎಂದು ಬರೆದುಕೊಟ್ಟರು.

ಅಂದು ರಾತ್ರಿ ಊಟಕ್ಕೆ ಕೂತಾಗ ಮಾವನವರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: “ತಂಗೀ, ಹೆಂಗೂ ಹೋಗಾದೈತಿ. ಕಣ್ಣು ಇರೂತನಕ ನಮ್ಮ ಗದ್ದಿ ಒಮ್ಮೆ ಮ್ಯಾಲಿಂದ ನೋಡಬೇಕು ಅಂತ ಆಸಿ. ಐವತ್ತು ವರ್ಷ ಬಗ್ಗಿ ಬಗ್ಗಿ ನೋಡೀನಿ. ಎಷ್ಟು ಅಗಲ ಐತಿ ಅಂತ ನೋಡಿಲ್ಲ.”

ಅತ್ತೆಯವರು ಒಳಗಿನಿಂದಲೇ, “ನೀವು ಹೋಗ್ರಿ, ನಾ ಬಸ್ಸಿಗೆ ಬರ್ತೀನಿ” ಎಂದರು. ಅವರಿಲ್ಲದೆ ಮಾವನವರು ಎಲ್ಲಿಗೂ ಹೊರಡುವವರಲ್ಲ. ಅಲ್ಲಿಗೆ ಮಾತು ನಿಂತಿತು.

ಆಗ ನಾನೂ ನಮ್ಮವರೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆವು. ಈ ಸಲ ಅತ್ತೆಯವರ ಹೊಟ್ಟೆಗೆ ನೋವಾಗಬಾರದು, ಮಾವನವರ ಕಣ್ಣಿಗೆ ನಿರಾಶೆಯಾಗಬಾರದು. ಒಂದೊಂದೇ ತಿಂಗಳನ್ನು ಅಕ್ಕಿ ಆರಿಸಿದಂತೆ ಆರಿಸಿದೆವು. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ತಿಂಗಳು ತಿಂಗಳ ಗುಣ

ಮಾರ್ಚ್‌ನಿಂದ ಮೇ: ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಮೇಲೆ ಗುಡುಗು, ಬಿರುಗಾಳಿ ಏಳುವುದೂ ಈ ದಿನಗಳಲ್ಲೇ. ಗದ್ದೆ ಬೋಳು, ಆಕಾಶದಲ್ಲಿ ಧೂಳಿನ ತೆರೆ, ಜಲಾಶಯದಲ್ಲಿ ತಳ ಕಾಣುವಷ್ಟು ನೀರು. ಮಕ್ಕಳ ರಜೆಯೆಂದು ಎಲ್ಲರೂ ಹೊರಡುವುದರಿಂದ ಟಿಕೆಟ್ ದರವೂ ಏರಿರುತ್ತದೆ. ಬೇರೆ ದಾರಿಯೇ ಇಲ್ಲವೆಂದರೆ ಬೆಳಗಿನ ವಿಮಾನ ಹಿಡಿಯಿರಿ. ನೆಲ ಕಾಯುವ ಮುಂಚೆ ಗಾಳಿಯೂ ಶಾಂತವಾಗಿರುತ್ತದೆ.

ಜೂನ್‌ನಿಂದ ಆಗಸ್ಟ್: ಮಲೆನಾಡಿನಲ್ಲಿ ಮಳೆ ಸುರಿದು ತುಂಗಭದ್ರಾ ಜಲಾಶಯ ತುಂಬುವ ಕಾಲ. ನಮ್ಮ ಸೀಮೆಗೆ ಮಾತ್ರ ಗಾಳಿಯೇ ಹೆಚ್ಚು, ಮಳೆ ಕಡಿಮೆ. ಘಟ್ಟದ ಆಚೆಗೇ ಮೋಡ ಬರಿದಾಗಿ ಬರುತ್ತದೆ. ಪಡುವಣದಿಂದ ಬೀಸುವ ಆಷಾಢದ ಗಾಳಿಗೆ ನಮ್ಮ ಮಾಳಿಗೆಯ ಮೇಲಿನ ಹಪ್ಪಳವೇ ನಿಲ್ಲುವುದಿಲ್ಲ! ಆಕಾಶದಲ್ಲಿ ಕೆಳಮಟ್ಟದ ಮೋಡ. ಕಿಟಕಿಯ ಹೊರಗೆ ಹತ್ತಿ ಅರಳೆ ಬಿಟ್ಟು ಬೇರೇನೂ ಕಾಣದಿರಬಹುದು. ಕೆಲಸಕ್ಕೆ ಹೋಗಿಬರುವವರಿಗೆ ಅಡ್ಡಿಯಿಲ್ಲ; ನೋಡಲೆಂದೇ ಹೋಗುವವರಿಗೆ ಅಲ್ಲ.

ಸೆಪ್ಟೆಂಬರ್, ಅಕ್ಟೋಬರ್: ವರ್ಷದಲ್ಲಿ ನಮಗೆ ಹೆಚ್ಚು ಮಳೆ ಬೀಳುವುದು ಈಗ. ಎಲ್ಲೆಲ್ಲೂ ಹಸಿರು. ಸಂಡೂರಿನ ಗುಡ್ಡಗಳನ್ನು ನೋಡಬೇಕಾದ್ದು ಸೆಪ್ಟೆಂಬರಿನಲ್ಲಿ ಎಂದು ಗಾಂಧೀಜಿಯೇ ಹೇಳಿದ್ದರೆಂದು ಆ ಊರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಸಂಜೆಯ ಹೊತ್ತಿಗೆ ಗುಡುಗು ಮಳೆಯ ಕಾಟ. ವಿಮಾನ ತಡವಾದರೂ ಚಿಂತೆಯಿಲ್ಲ, ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇವೆ ಎನ್ನುವವರು ಹೊರಡಬಹುದು. ದಸರಾ ರಜೆಯ ದರವನ್ನು ಮಾತ್ರ ಮೊದಲೇ ವಿಚಾರಿಸಿ.

ನವೆಂಬರ್, ಡಿಸೆಂಬರ್: ಮಳೆ ತೊಳೆದಿಟ್ಟ ಆಕಾಶ, ತಂಪು ಗಾಳಿ, ಜಲಾಶಯದಲ್ಲಿ ನೀರು, ಗದ್ದೆಯಲ್ಲಿ ಬಂಗಾರದ ಬಣ್ಣದ ಭತ್ತ. ನೆಲ ಅಷ್ಟಾಗಿ ಕಾಯದ್ದರಿಂದ ಕುಲುಕಾಟ ಕಡಿಮೆ. ಒಂದೇ ಎಚ್ಚರಿಕೆ: ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಇದೇ. ಹೊರಡುವ ನಾಲ್ಕು ದಿನ ಮುಂಚಿನಿಂದ ಹವಾಮಾನದ ಸುದ್ದಿ ಕೇಳುತ್ತಿರಿ.

ಜನವರಿ, ಫೆಬ್ರವರಿ: ಗಾಳಿ ಶಾಂತ, ಆಕಾಶ ತಿಳಿ. ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಹಿತವಾದ ಕಾಲ. ಆದರೆ ಬೆಂಗಳೂರಿನ ಕಡೆ ಹೋಗುವವರು ಒಂದು ಮಾತು ನೆನಪಿಡಿ. ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ಅದರಲ್ಲೂ ಡಿಸೆಂಬರ್ ಮತ್ತು ಜನವರಿಯಲ್ಲಿ, ದೇವನಹಳ್ಳಿಯ ನಿಲ್ದಾಣಕ್ಕೆ ನಸುಕಿನಲ್ಲಿ ಮಂಜು ಮುಸುಕುತ್ತದೆ, ವಿಮಾನಗಳು ತಡವಾಗುತ್ತವೆ. ತೀರ ಮುಂಜಾನೆಯ ವಿಮಾನ ಬಿಟ್ಟು ಬಿಸಿಲು ಏರಿದ ಮೇಲಿನದನ್ನು ಆರಿಸಿ. ಶಾಲೆಯ ಮಕ್ಕಳಿದ್ದರೆ ಪರೀಕ್ಷೆಯ ದಿನಗಳನ್ನೂ ನೋಡಿಕೊಳ್ಳಿ.

ಲೆಕ್ಕ ಮುಗಿದಾಗ ನಮಗೆ ಉಳಿದದ್ದು ದೀಪಾವಳಿಯ ಮರುವಾರ. ಅದಕ್ಕೂ ಮುಂಚೆ ಹೋದರೆ ಗದ್ದೆ ಹಸಿರು, ಮಳೆಯ ಭಯ. ಹದಿನೈದು ದಿನ ತಡ ಮಾಡಿದರೆ ಕೊಯ್ಲು ಶುರುವಾಗಿ ಮಾವನವರು ಕದಲುವುದಿಲ್ಲ. ಕದಲಿದರೂ ನೋಡಲು ಗದ್ದೆಯಲ್ಲಿ ಬೆಳೆ ಇರುವುದಿಲ್ಲ. ಕಣ್ಣಿಗಾದರೋ ಇನ್ನೊಂದು ವರ್ಷ ಕಾಯಿರಿ ಎಂದು ಹೇಳುವಂತಿರಲಿಲ್ಲ.

ದಾರ ಹಿಡಿದು ಸೀಟು ಆರಿಸಿದ್ದು

ನನ್ನ ಮಗನ ಶಾಲೆಯ ನಕಾಶೆಯ ಮೇಲೆ ತೋರಣಗಲ್ಲಿನಿಂದ ಹೈದರಾಬಾದಿಗೆ ಒಂದು ದಾರ ಎಳೆದು ಹಿಡಿದೆವು. ಏನಾಶ್ಚರ್ಯ! ದಾರ ಹೆಚ್ಚುಕಡಿಮೆ ಕುರುಗೋಡಿನ ಮೇಲೆಯೇ ಹಾಯ್ದು, ಸಿರುಗುಪ್ಪವನ್ನು ಸ್ವಲ್ಪ ಎಡಕ್ಕೆ ಬಿಟ್ಟು ಮುಂದೆ ಹೋಯಿತು. ವಿಮಾನ ದಾರದಂತೆಯೇ ಹೋಗಬೇಕೆಂದೇನೂ ಇಲ್ಲ. ದಾರಿ ಹೇಳುವವರು ಬೇರೆ ಇದ್ದಾರೆ. ಆದರೂ ಹೈದರಾಬಾದಿಗೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯುವುದೆಂದು ತೀರ್ಮಾನಿಸಿದೆವು. ಬೆಳಗಿನ ಬಿಸಿಲು ಬಲಗಡೆ ಬೀಳುವುದರಿಂದ ಮಾವನವರ ಕಣ್ಣಿಗೂ ಹಿತ.

ಎಟಿಆರ್ ವಿಮಾನದ ರೆಕ್ಕೆ ಮೈಯ ಮೇಲ್ಭಾಗದಲ್ಲಿರುತ್ತದೆ. ಹಾಗಾಗಿ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಆ ಕಡೆ ಎರಡು, ಈ ಕಡೆ ಎರಡು ಸೀಟು. ಹತ್ತುವ ಬಾಗಿಲು ಹಿಂದೆ. ಫ್ಯಾನಿನ ಪಕ್ಕದ ಸಾಲುಗಳಲ್ಲಿ ಸದ್ದು ಜಾಸ್ತಿ, ಅಲ್ಲಿ ಎಂಜಿನ್ ಅಡ್ಡ ಬಂದು ನೋಟವೂ ಕಡಿಮೆ. ನಾವು ಹಿಂದಿನ ಸಾಲುಗಳನ್ನು ಕೇಳಿ ಪಡೆದೆವು.

ಅತ್ತೆಯವರನ್ನು ಒಪ್ಪಿಸಿದ್ದು ಮಾತ್ರ ನಾನಲ್ಲ. ಹೊರಡುವ ಹಿಂದಿನ ವಾರ ಒಂದು ಸಂಜೆ ಮಾವನವರ ಕಣ್ಣಿಗೆ ಹನಿ ಹಾಕುತ್ತ ಅವರೇ ಅಂದರು: “ಮ್ಯಾಲೆ ಹೋದಾಗ ಯಾ ಕಡಿ ನಮ್ಮ ಗದ್ದಿ ಅಂತ ತೋರಿಸವ್ರು ಯಾರು ಇವ್ರಿಗೆ? ನಾನಾ ತೋರಿಸಬೇಕು.” ನಾನು ಸುಮ್ಮನೆ ಒಳಗೆ ಹೋಗಿ ಇನ್ನೊಂದು ಟಿಕೆಟ್ ಮಾಡಿಸಲು ನಮ್ಮವರಿಗೆ ಹೇಳಿದೆ.

ಈ ಸಲ ಹೋಳಿಗೆ ಇಲ್ಲ, ಮಿರ್ಚಿ ಇಲ್ಲ. ಹೊರಡುವ ಎರಡು ಗಂಟೆ ಮುಂಚೆ ಖಾರ ಕಡಿಮೆ ಹಾಕಿದ ಮಂಡಕ್ಕಿ ಒಗ್ಗರಣೆ, ಅರ್ಧ ಲೋಟ ಮಜ್ಜಿಗೆ. ಅತ್ತೆಯವರ ಬಾಯಿಗೆ ಉಪ್ಪು ಸವರಿದ ಹಸಿ ಶುಂಠಿಯ ಚೂರು. ಮಗನಿಗೆ ೧೦ ಕಿಲೋ ಸೋನಾ ಮಸೂರಿ ಅಕ್ಕಿ ಒಯ್ಯಬೇಕೆಂದು ಹಟ ಹಿಡಿದಿದ್ದರು. ತೂಕದ ಲೆಕ್ಕ ತೋರಿಸಿ ೩ ಕಿಲೋಗೆ ಇಳಿಸಿದೆವು.

ವಿಮಾನ ಎದ್ದಿತು. ಹೊಳೆಯುವ ತಗಡಿನಂತೆ ದೂರದಲ್ಲಿ ಜಲಾಶಯದ ನೀರು. ಆಮೇಲೆ ಗುಂಡುಕಲ್ಲು ಪೇರಿಸಿಟ್ಟಂಥ ಕುರುಗೋಡಿನ ಗುಡ್ಡ. ನನ್ನ ತವರು ಅಂಗೈಯಷ್ಟು! ಮುಂದೆ ಬಿಳಿ ಮರಳಿನ ಹಗರಿ, ಅದು ಹೋಗಿ ಸೇರುವ ತುಂಗಭದ್ರೆ, ಎರಡರ ಸುತ್ತ ಕಣ್ಣು ಹಾಯುವಷ್ಟು ದೂರ ಹಳದಿ ಚೌಕಗಳು. ಅತ್ತೆಯವರು ಒಂದು ಕೈಯಲ್ಲಿ ಸೀಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮಾವನವರ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. “ಅಕಾ ಹೊಳಿ. ಹೊಳಿ ಈಚಿ ಕಾಲುವಿ. ಕಾಲುವಿ ತಿರುವಿನಾಗ ನಮ್ಮದು.”

ಅದು ನಮ್ಮದೇ ಗದ್ದೆಯೋ ಪಕ್ಕದವರದ್ದೋ ದೇವರೇ ಬಲ್ಲ. ಮಾವನವರು ಬಹಳ ಹೊತ್ತು ನೋಡಿದರು. “ಇಷ್ಟಾ ಸಣ್ಣದು?” ಎಂದು ನಕ್ಕರು. ಆಮೇಲೆ, “ಇಷ್ಟಕ್ಕಾಗಿ ಅಣ್ಣ ತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟಿದ್ವಲ್ಲ” ಎಂದರು. ಅತ್ತೆಯವರು ಮಾತಾಡಲಿಲ್ಲ. ಶುಂಠಿಯೂ ಬೇಕಾಗಲಿಲ್ಲ.

ಅದೇ ವಾರದ ಕೊನೆಗೆ, ನವೆಂಬರ್ ೧೬ರಂದು, ‘ಗಜ’ ಚಂಡಮಾರುತ ತಮಿಳುನಾಡಿನ ಕರಾವಳಿಗೆ ಬಡಿಯಿತು. ಒಳ್ಳೆಯ ತಿಂಗಳು ಆರಿಸಿದರೂ ದಿನ ನೋಡಿಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಹೊರಡುವ ಮುನ್ನ ನೆನಪಿಡಿ

೧. ತೋರಣಗಲ್ಲಿನಿಂದ ಹಾರುವ ಕಂಪನಿ, ಊರು, ದಿನ, ವೇಳೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಬಂದಿವೆ. ನಡುವೆ ನಿಂತದ್ದೂ ಉಂಟು. ಯಾವ ವಿಮಾನ, ಎಷ್ಟು ಹೊತ್ತಿಗೆ ಎಂಬುದನ್ನು ಟಿಕೆಟ್ ಮಾಡಿಸುವ ದಿನವೇ ವಿಚಾರಿಸಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕೇಳಿ.

೨. ಇಳಿಯುವಾಗ ಕಿವಿ ಕಟ್ಟುತ್ತದೆ. ಕೂಸಿಗೆ ಆಗ ಹಾಲು ಕುಡಿಸಿ. ದೊಡ್ಡ ಮಕ್ಕಳಿಗೆ ಪೆಪ್ಪರಮಿಂಟ್ ಕೊಡಿ. ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ. ಜೋರು ನೆಗಡಿಯಿದ್ದರೆ ಪ್ರಯಾಣ ಮುಂದಕ್ಕೆ ಹಾಕುವುದು ಲೇಸು.

೩. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ಪದಾರ್ಥವೆಂದು ವಿಮಾನದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ ಭರಣಿ, ಈಳಿಗೆ, ಕತ್ತರಿ, ಬೆಂಕಿಪೊಟ್ಟಣ ಕೈಚೀಲದಲ್ಲಿ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹಗುರವೂ ಹೌದು, ಕೆಡುವುದೂ ಇಲ್ಲ.

೪. ಬಸುರಿಯರು, ಹೃದಯದ ತೊಂದರೆಯವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಡಾಕ್ಟರನ್ನು ಕೇಳದೆ ಹತ್ತಬೇಡಿ. ಕಣ್ಣಿನ ಹಿಂಪರೆಗೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಅನಿಲ ತುಂಬಿದ್ದರೆ ಅದು ಕರಗುವವರೆಗೆ ವಿಮಾನ ಖಂಡಿತ ಕೂಡದು. ಮೇಲೆ ಹೋದಂತೆ ಅದು ಹಿಗ್ಗಿ ಕಣ್ಣಿಗೇ ಅಪಾಯ.

೫. ಎಲ್ಲರ ಗುರುತಿನ ಚೀಟಿ, ಚಿಕ್ಕ ಮಕ್ಕಳ ವಯಸ್ಸಿನ ದಾಖಲೆ ಒಂದೇ ಚೀಲದಲ್ಲಿರಲಿ, ಆ ಚೀಲ ನಿಮ್ಮ ಹೆಗಲಲ್ಲೇ ಇರಲಿ. ಹಿರಿಯರ ಮಾತ್ರೆ, ಕಣ್ಣಿನ ಹನಿ ಕೈಚೀಲದಲ್ಲಿರಬೇಕು. ದೊಡ್ಡ ಪೆಟ್ಟಿಗೆಗೆ ಹಾಕಬೇಡಿ.

೬. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಒಮ್ಮೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರೂ ಮಕ್ಕಳೂ ತೋರಿಸಿಕೊಳ್ಳಲೇಬೇಕು. ನೋವಿಲ್ಲದೆ ಬರುವ ಕಾಯಿಲೆ ಇದು.

ಮಾವನವರ ನಡುನೋಟವೂ ಈಗ ಮಸುಕಾಗಿದೆ. ೨೦೨೪ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ ೧೯ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಗದ್ದೆಗೆ ಕಾಲುವೆ ಹೇಗೆ ಬರುತ್ತದೆ ಎಂದು ಮೊಮ್ಮಕ್ಕಳು ಕೇಳಿದರು. ಮಾವನವರು ಕಟ್ಟೆಯ ಮೇಲೆ ಕೂತು, ಬೆರಳಿನಿಂದ ಗಾಳಿಯಲ್ಲಿ ಹೊಳೆ, ಹಗರಿ, ಕಾಲುವೆಯ ತಿರುವು ಎಲ್ಲವನ್ನೂ ಬರೆದು ತೋರಿಸಿದರು. ಒಂದೂ ತಪ್ಪಲಿಲ್ಲ.

ಅತ್ತೆಯವರು ಒಳಗಿನಿಂದಲೇ ಕೂಗಿದರು: “ನಾ ತೋರಿಸಿದ್ದಲ್ಲ ಅದು!”

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಆಸೆ ಯಾರ ಬಾಯಲ್ಲಾದರೂ ಬಂದಿದ್ದರೆ ಈ ದೀಪಾವಳಿಯ ಮರುವಾರವನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಮಾಡಿಡಿ.